ಮೊದಲ ಸಿಎನ್‌ಸಿ ಕಟ್ಟುವವರಿಗೆ ಪೆನ್ನಿನಿಂದ ಶುರು ಮಾಡಿಸೋಣ್ವಾ?

ದಾವಣಗೆರೆ ಫಿಟ್ಟರ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ಪುರುಸೊತ್ತು ಮಾಡಿಕೊಂಡು ಓದಿ.

ನಮ್ಮ ಮನೆ ಹಿತ್ತಲಲ್ಲಿ ತಗಡಿನ ಶೆಡ್ ಒಂದಿದೆ. ಪ್ರತಿ ಭಾನುವಾರ ಅಲ್ಲಿಗೆ ಐದು ಜನ ಮಕ್ಕಳು ಬರುತ್ತಾರೆ. ಇಬ್ಬರು ಐಟಿಐ, ಒಬ್ಬ ಡಿಪ್ಲೊಮಾ, ಒಬ್ಬಳು ಬಿಕಾಂ, ಇನ್ನೊಬ್ಬ ಬಡಗಿ ಕೆಲಸ ಮಾಡುತ್ತಾನೆ. ಎಲ್ಲರಿಗೂ ಒಂದೇ ಆಸೆ. ಸ್ವಂತ ಸಿಎನ್‌ಸಿ ರೂಟರ್, ಅಂದರೆ ಕಂಪ್ಯೂಟರ್ ಹೇಳಿದ ಹಾಗೆ ಮರ ಕೆತ್ತುವ ಮೆಷಿನ್ ಕಟ್ಟಬೇಕು. ಮರದಲ್ಲಿ ಹೆಸರು ಕೆತ್ತಬೇಕು, ದೇವರ ಮನೆ ಬಾಗಿಲಿಗೆ ಜಾಲರಿ ಕತ್ತರಿಸಬೇಕು.

ಹೋದ ವರ್ಷದ ತಂಡಕ್ಕೆ ನಾನು ಪೂರ್ತಿ ಪಟ್ಟಿ ಮಾಡಿಕೊಟ್ಟಿದ್ದೆ. ಯಾವ ಮೋಟರ್, ಯಾವ ಸ್ಕ್ರೂ, ಎಷ್ಟು ಉದ್ದದ ರಾಡ್, ಎಲ್ಲ. ಅವರು ತಂದರು, ಜೋಡಿಸಿದರು. ಕಷ್ಟ ಬಂದ ಕಡೆಯಲ್ಲೆಲ್ಲ ನಾನೇ ಸ್ಪ್ಯಾನರ್ ಹಿಡಿದೆ. ಒಂದೂವರೆ ತಿಂಗಳಲ್ಲಿ ಮೆಷಿನ್ ಓಡಿತು. ಎಲ್ಲರೂ ಫೋಟೊ ತೆಗೆಸಿಕೊಂಡೆವು. ಆಮೇಲೆ ನಾನು ಎರಡು ತಿಂಗಳು ಮಗಳ ಊರಿಗೆ ಹೋದೆ. ವಾಪಸ್ ಬಂದು ನೋಡಿದರೆ ಮೆಷಿನ್ ಮೇಲೆ ಗೋಣಿಚೀಲ ಹೊದಿಸಿತ್ತು. ವೈ ಕಡೆಯ (ಹಿಂದೆ ಮುಂದೆ ಓಡುವ ಕಡೆಯ) ಕಪ್ಲಿಂಗ್, ಅಂದರೆ ಮೋಟರ್‌ಗೂ ಸ್ಕ್ರೂಗೂ ನಡುವಿನ ಕೊಂಡಿ, ಸಡಿಲ ಆಗಿತ್ತು, ಅಷ್ಟೇ. ಎರಡು ನಿಮಿಷದ ಕೆಲಸ. ಆದರೆ ಎಲ್ಲಿ ನೋಡಬೇಕು ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ತಪ್ಪು ಅವರದ್ದಲ್ಲ. ದುಡ್ಡು ಅವರದ್ದು, ಆದರೆ ಮೆಷಿನ್ ಕಟ್ಟಿದ್ದು ನಾನು. ಅದು ಈಗಲೂ ನನ್ನನ್ನು ಕಾಡುತ್ತದೆ.

ಈ ಸಲ ಸ್ಪಿಂಡಲ್ (ಕತ್ತರಿಸುವ ಬಿಟ್ ತಿರುಗಿಸುವ ಮೋಟರ್) ಮಾತೇ ಬೇಡ ಅಂದುಕೊಂಡಿದ್ದೇನೆ. ಮೊದಲು ಪೆನ್ನು. ಗುಜರಿ ಅಂಗಡಿಯಿಂದ ಎರಡೆರಡು ಹಳೇ ಡಿವಿಡಿ ಡ್ರೈವ್ ತಂದು ಬಿಚ್ಚಿಸುತ್ತೇನೆ. ಒಳಗೆ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಪುಟ್ಟ ಸ್ಟೆಪರ್ ಮೋಟರ್, ಅದಕ್ಕೊಂದು ಸ್ಕ್ರೂ, ಜಾರುವ ಗಾಡಿ, ಎಲ್ಲ ಸಿದ್ಧವಾಗಿರುತ್ತದೆ. ಒಂದನ್ನು ಎಕ್ಸ್, ಇನ್ನೊಂದನ್ನು ವೈ ಮಾಡಿದರೆ ಸುಮಾರು 40 ಎಂಎಂ ಅಗಲದ ಚಿತ್ರ ಬಿಡಿಸುವ ಪ್ಲಾಟರ್ ಆಗುತ್ತದೆ. ಅದಾದ ಮೇಲೆ ದೊಡ್ಡ ಫ್ರೇಮ್. ಅದರಲ್ಲೂ ಮೊದಲ ತಿಂಗಳು ಸ್ಪಿಂಡಲ್ ಜಾಗದಲ್ಲಿ ಪೆನ್ನೇ ಇರಬೇಕು.

ಹುಡುಗರಿಗೆ ಇದು ನಿಧಾನ ಅನ್ನಿಸುತ್ತಿದೆ. ನೀವೇನಂತೀರಿ?

ಪೀಣ್ಯ ಪಕ್ಕದ ಮನೆ

ಸರ್, ನೂರಕ್ಕೆ ನೂರು ಸರಿ. ಪೆನ್ನು ತಪ್ಪು ಮಾಡಿದರೆ ಒಂದು ಹಾಳೆ ಹೋಗುತ್ತದೆ. ನಿಮಿಷಕ್ಕೆ 20,000 ಸುತ್ತು ತಿರುಗುವ ಬಿಟ್ ತಪ್ಪು ಮಾಡಿದರೆ ಬಿಟ್ ಮುರಿದು ಮುಖಕ್ಕೆ ಹಾರುತ್ತದೆ.

ಡಿವಿಡಿ ಡ್ರೈವ್ ಲೆಕ್ಕ ಮಕ್ಕಳ ಕೈಲೇ ಮಾಡಿಸಿ. ಆ ಮೋಟರ್ ಸಾಮಾನ್ಯವಾಗಿ ಒಂದು ಸುತ್ತಿಗೆ 20 ಹೆಜ್ಜೆ ಇಡುತ್ತದೆ, ಸ್ಕ್ರೂ ಒಂದು ಸುತ್ತಿಗೆ 3 ಎಂಎಂ ಮುಂದೆ ಹೋಗುತ್ತದೆ. ಅಂದರೆ ಒಂದು ಹೆಜ್ಜೆಗೆ 0.15 ಎಂಎಂ. ಮೋಟರ್‌ಗೆ ಕರೆಂಟ್ ಕೊಡುವ ಡ್ರೈವರ್‌ನಲ್ಲಿ 8 ಮೈಕ್ರೊಸ್ಟೆಪ್ ಇಟ್ಟರೆ, ಅಂದರೆ ಒಂದು ಹೆಜ್ಜೆಯನ್ನು ಎಂಟು ಭಾಗ ಮಾಡಿದರೆ, 160 ಹೆಜ್ಜೆಗೆ 3 ಎಂಎಂ, ಒಂದು ಎಂಎಂಗೆ 53.33. ದೊಡ್ಡ ಮೆಷಿನ್‌ಗೂ ಇದೇ ಲೆಕ್ಕ, ಅಂಕಿ ಮಾತ್ರ ಬೇರೆ. ಇದನ್ನು ಒಮ್ಮೆ ಪೆನ್ಸಿಲ್ ಹಿಡಿದು ಮಾಡಿದವರು ಮುಂದೆ ಯಾವ ಮೆಷಿನ್ ಮುಂದೆ ನಿಂತರೂ ಹೆದರುವುದಿಲ್ಲ.

ಎಚ್ಚರಿಕೆ ಒಂದಿದೆ. ಆ ಮೋಟರ್ ತುಂಬಾ ಸಣ್ಣದು. ಎ4988 ಡ್ರೈವರ್ ಹಾಕಿದರೆ ಕರೆಂಟ್ ಮಿತಿಯನ್ನು ಆದಷ್ಟೂ ಕೆಳಗೆ ಇಳಿಸಿ. ಮೋಟರ್ ಬೆರಳಿಗೆ ಬೆಚ್ಚಗಿರಬೇಕು, ಚುರುಕ್ ಅನ್ನಬಾರದು.

ಬೆಳಗಾವಿ ಟರ್ನರ್

ನಾನು ಸ್ವಲ್ಪ ಬೇರೆ ಹೇಳ್ತೀನ್ರಿ. ಉದ್ಯಮಬಾಗ್ ಕಡೆ 22 ವರ್ಷ ಲೇತ್ ಮೇಲೆ ಕೆಲಸ ಮಾಡಿದ್ದೇನೆ. ಹೊಸಬರಿಗೆ ಒಂದು ಒಳ್ಳೆಯ ಕಿಟ್ ಕೊಡಿಸಿದರೆ ತಪ್ಪೇನು? ಎಲ್ಲ ತೂತೂ ಸರಿ ಜಾಗದಲ್ಲಿರುತ್ತದೆ, ಬೋಲ್ಟ್ ಲೆಕ್ಕಕ್ಕೆ ಸರಿಯಾಗಿರುತ್ತದೆ. ಗುಜರಿ ಸಾಮಾನಿನಲ್ಲಿ ಶುರು ಮಾಡಿದರೆ ಮೂರು ವಾರಕ್ಕೇ ಬೇಸರ ಬಂದು ಅರ್ಧ ಹುಡುಗರು ಬಿಟ್ಟು ಹೋಗುತ್ತಾರೆ. ನಾನು ಕಣ್ಣಾರೆ ಕಂಡಿದ್ದೇನೆ. ಮೊದಲು ಏನಾದರೂ ಓಡಬೇಕು. ಓಡುವುದನ್ನು ನೋಡಿದ ಮೇಲೆ ಕಲಿಯುವ ಹುಮ್ಮಸ್ಸು ತಾನಾಗೇ ಬರುತ್ತದೆ.

ಪೀಣ್ಯ ಪಕ್ಕದ ಮನೆ

ಟರ್ನರ್ ಸಾಹೇಬ್ರೇ, ಕಿಟ್ ಕೀಳು ಅಂತ ನಾನೂ ಅನ್ನಲ್ಲ. ಮನೆಯಲ್ಲೇ ಮೆಷಿನ್ ಕಟ್ಟುವ ಈ ಚಳವಳಿ ಹರಡಿದ್ದೇ ಹಾಗೆ. 2005ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದಲ್ಲಿ ಆಡ್ರಿಯನ್ ಬೋಯರ್ ಅವರು ರೆಪ್‌ರ‍್ಯಾಪ್ ಶುರು ಮಾಡಿದರು. ತನ್ನದೇ ಭಾಗಗಳನ್ನು ತಾನೇ ಅಚ್ಚು ಹಾಕುವ 3ಡಿ ಪ್ರಿಂಟರ್ ಮಾಡಬೇಕು, ನಕ್ಷೆ ಎಲ್ಲರಿಗೂ ಬಿಟ್ಟಿ ಸಿಗಬೇಕು ಅನ್ನೋದು ಅವರ ಯೋಚನೆ. ಡಾರ್ವಿನ್ ಅನ್ನುವ ಅದರ ಮೊದಲ ಮಾದರಿಯಿಂದ ಹುಟ್ಟಿದ ಮರಿ ಮೆಷಿನ್ 2008ರ ಮೇ ತಿಂಗಳಲ್ಲಿ ಓಡಿತು. ಜೋಡಿಸಿದ ಕೆಲವೇ ನಿಮಿಷಕ್ಕೆ ಅದು ಮೊಮ್ಮಗ ಮೆಷಿನ್‌ಗೆ ಬೇಕಾದ ಒಂದು ಭಾಗವನ್ನು ಅಚ್ಚು ಹಾಕಿತು. 2009ರಲ್ಲಿ ಈ ಥರದ ಪ್ರಿಂಟರ್ ಮೇಲೆ ಸ್ಟ್ರಾಟಾಸಿಸ್ ಕಂಪನಿಗಿದ್ದ ಮೂಲ ಪೇಟೆಂಟ್ ಅವಧಿ ಮುಗಿಯಿತು, ಬೇರೆಯವರಿಗೂ ದಾರಿ ಬಿಟ್ಟಿತು. 2010ರಲ್ಲಿ ಯೋಸೆಫ್ ಪ್ರೂಶಾ ವಿನ್ಯಾಸವನ್ನು ಸುಲಭ ಮಾಡಿದರು. ಆಮೇಲೆ ಬಂದ ಕಿಟ್‌ಗಳಿಂದಲೇ ನಾನೂ ಕಲಿತಿದ್ದು.

ಆದರೆ ಅಂದಿನ ಕಿಟ್ ಅರ್ಧಂಬರ್ಧ ಇರುತ್ತಿತ್ತು. ತೂತು ಕೂರುತ್ತಿರಲಿಲ್ಲ, ಅರ ಹಾಕಿ ಉಜ್ಜಬೇಕಿತ್ತು. ಹಾಗಾಗಿ ಕಲಿಯದೆ ಬೇರೆ ದಾರಿ ಇರಲಿಲ್ಲ. ಈಗಿನ ಕಿಟ್ ಎಂಟು ಬೋಲ್ಟ್ ಬಿಗಿದರೆ ಮುಗೀತು. ಅದರಲ್ಲಿ ಕಲಿಯಬೇಕು ಅಂದರೆ ಜೋಡಿಸಿ, ಓಡಿಸಿ, ಪೂರ್ತಿ ಬಿಚ್ಚಿ, ಕೈಪಿಡಿ ಮುಚ್ಚಿಟ್ಟು ಮತ್ತೆ ಜೋಡಿಸಬೇಕು. ನನ್ನ ತಮ್ಮನಿಗೆ ಹಾಗೇ ಮಾಡಿಸಿದೆ. ಎರಡನೇ ಸಲ ಅವನೇ ಕೇಳಿದ: "ಅಣ್ಣ, ಈ ರಾಡ್ ಎರಡೂ ಸಮಾನಾಂತರ ಇದೆ ಅಂತ ಹೇಗೆ ನೋಡೋದು?" ಮೊದಲ ಸಲ ಆ ಪ್ರಶ್ನೆ ಅವನಿಗೆ ಬಂದೇ ಇರಲಿಲ್ಲ.

ಪುಣೆ ಕನ್ನಡಿಗ

ನಾನು ಹುಬ್ಬಳ್ಳಿಯವನು, ಈಗ ಪುಣೆಯಲ್ಲಿದ್ದೇನೆ. ಈ ಜಿಲ್ಲೆಯ ಪಾಬಳ ಅನ್ನುವ ಹಳ್ಳಿಯಲ್ಲಿ ವಿಜ್ಞಾನ ಆಶ್ರಮ ಇದೆ. 1983ರಲ್ಲಿ ಡಾ. ಎಸ್. ಎಸ್. ಕಲಬಾಗ್ ಶುರು ಮಾಡಿದ್ದು. ಕೆಲಸ ಮಾಡುತ್ತಾ ಕಲಿಯುವುದೇ ಅಲ್ಲಿನ ಪದ್ಧತಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ನೀಲ್ ಗೆರ್ಶನ್‌ಫೆಲ್ಡ್ 1998ರಲ್ಲಿ 'ಹೆಚ್ಚುಕಡಿಮೆ ಏನನ್ನು ಬೇಕಾದರೂ ಮಾಡುವುದು ಹೇಗೆ' ಅಂತ ಒಂದು ಪಾಠ ಶುರು ಮಾಡಿದ್ದರು. ಅದರಿಂದ ಬೆಳೆದದ್ದು ಫ್ಯಾಬ್ ಲ್ಯಾಬ್, ಅಂದರೆ ಜನ ಬಂದು ತಮಗೆ ಬೇಕಾದ್ದನ್ನು ತಾವೇ ಮಾಡಿಕೊಳ್ಳುವ ಕಾರ್ಯಾಗಾರ. ಎಂಐಟಿ ಹೊರಗೆ ಹುಟ್ಟಿದ ಮೊದಮೊದಲ ಫ್ಯಾಬ್ ಲ್ಯಾಬ್‌ಗಳಲ್ಲಿ ಪಾಬಳದ್ದೂ ಒಂದು, 2002ರಲ್ಲಿ. ದೊಡ್ಡ ಊರಲ್ಲಿ ಅಲ್ಲ, ಹಳ್ಳಿಯಲ್ಲಿ!

ಈ ಲ್ಯಾಬ್‌ಗಳಲ್ಲಿ ನಡೆಯುವ ಫ್ಯಾಬ್ ಅಕಾಡೆಮಿಯ ಪಾಠದಲ್ಲಿ ಒಂದು ಘಟ್ಟಕ್ಕೆ ಎಲ್ಲರೂ ಗುಂಪಾಗಿ ಒಂದು ಮೆಷಿನ್ ಕಟ್ಟಲೇಬೇಕು. ಅದು ರೂಟರೇ ಆಗಬೇಕು ಅಂತಿಲ್ಲ. ಅದಕ್ಕೇ ಫಿಟ್ಟರ್ ಸರ್‌ಗೆ ಒಂದು ಸಲಹೆ. ಐದು ಜನಕ್ಕೂ ಒಂದೇ ಮೆಷಿನ್ ಮಾಡಿಸಬೇಡಿ. ಬಿಕಾಂ ಹುಡುಗಿ ಏನು ಮಾಡಲು ಇಷ್ಟಪಡುತ್ತಾಳೆ ಅಂತ ಕೇಳಿದ್ದೀರಾ? ರಂಗೋಲಿ ಪುಡಿ ಉದುರಿಸುವ ಮೆಷಿನ್ ಅಂದರೂ ಅಂದಾಳು. ಎಕ್ಸ್, ವೈ ಒಂದೇ, ತುದಿಯಲ್ಲಿರುವ ಕೈ ಮಾತ್ರ ಬೇರೆ.

ದಾವಣಗೆರೆ ಫಿಟ್ಟರ್

ಕೇಳಿರಲಿಲ್ಲ. ಭಾನುವಾರ ಕೇಳುತ್ತೇನೆ.

ಹೊಸ ಕೈ

ಎಲ್ಲರಿಗೂ ನಮಸ್ತೆ. ನಾನು ಹಾಸನದವಳು, ಡಿಗ್ರಿ ಓದುತ್ತಿದ್ದೇನೆ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಇವತ್ತು ಧೈರ್ಯ ಮಾಡಿ ಬರೆಯುತ್ತಿದ್ದೇನೆ. ನನಗೆ ಹೇಳಿಕೊಡುವವರು ಇಲ್ಲಿ ಯಾರೂ ಇಲ್ಲ. ವಿಡಿಯೊ ನೋಡಿ 300 ಎಂಎಂ ಉದ್ದಗಲದ ಒಂದು ಮೆಷಿನ್ ಕಟ್ಟಿದ್ದೇನೆ. ನೆಮಾ 17 ಸ್ಟೆಪರ್ ಮೋಟರ್, ಆರ್ಡುಯಿನೊ ಊನೊ ಬೋರ್ಡ್, ಅದರ ಮೇಲೆ ಮೆಷಿನ್ ಓಡಿಸುವ ಜಿಆರ್‌ಬಿಎಲ್ ತಂತ್ರಾಂಶ. ಸದ್ಯಕ್ಕೆ ಪೆನ್ನೇ ಕಟ್ಟಿದ್ದೇನೆ.

ವೃತ್ತ ಬಿಡಿಸು ಅಂದರೆ ಚಪ್ಪಟೆ ಆಗಿ ಮೀನಿನ ಹಾಗೆ ಬರುತ್ತಿದೆ. ಎಕ್ಸ್ ಕಡೆ 100 ಅಂದರೆ 100 ಹೋಗುತ್ತದೆ. ವೈ ಕಡೆ 100 ಅಂದರೆ 25 ಮಾತ್ರ. ಒಂದು ಎಂಎಂಗೆ ಎಷ್ಟು ಹೆಜ್ಜೆ ಅನ್ನುವ ಕಡೆ ಎರಡಕ್ಕೂ 400 ಅಂತಲೇ ಕೊಟ್ಟಿದ್ದೇನೆ. ಡ್ರೈವರ್ ಬದಲಾಯಿಸಿ ನೋಡಿದೆ, ಮೋಟರ್ ಅದಲು ಬದಲು ಮಾಡಿದೆ. ಹಾಗೇ ಇದೆ. ಬೋರ್ಡ್ ಕೆಟ್ಟಿದೆಯಾ? ಮತ್ತೊಂದು ತರಿಸಲು ಈಗ ದುಡ್ಡಿಲ್ಲ.

ದಾವಣಗೆರೆ ಫಿಟ್ಟರ್

ಏನೂ ತರಿಸಬೇಡಮ್ಮಾ. ಬೋರ್ಡ್ ಚೆನ್ನಾಗಿದೆ ಅನ್ನಿಸುತ್ತದೆ. ಮೋಟರ್ ಅದಲು ಬದಲು ಮಾಡಿದೆಯಲ್ಲ, ಅದು ಬಹಳ ಒಳ್ಳೆ ಕೆಲಸ. ತೊಂದರೆ ಮೋಟರ್ ಜೊತೆ ಜಾಗ ಬದಲಿಸಲಿಲ್ಲ ಅಂದರೆ ತೊಂದರೆ ಮೋಟರ್‌ನಲ್ಲಿ ಇಲ್ಲ ಅಂತಾಯ್ತು.

ಈಗ ಕರೆಂಟ್ ಪೂರ್ತಿ ತೆಗೆದುಬಿಡು. ವೈ ಸ್ಕ್ರೂವನ್ನು ಕೈಯಲ್ಲಿ ಹಿಡಿದು ಸರಿಯಾಗಿ ಹತ್ತು ಸುತ್ತು ತಿರುಗಿಸು. ನಟ್ ಎಷ್ಟು ದೂರ ಹೋಯಿತು ಅಂತ ಸ್ಕೇಲ್ ಇಟ್ಟು ಅಳೆ. ಎಕ್ಸ್ ಸ್ಕ್ರೂಗೂ ಹಾಗೇ ಮಾಡು. ಎರಡು ಅಂಕಿ ಇಲ್ಲಿ ಬರೆ. ಉತ್ತರ ನಾನು ಹೇಳಲ್ಲ, ನಿನಗೇ ಗೊತ್ತಾಗುತ್ತದೆ.

ಹೊಸ ಕೈ

ಸರ್!! ಎಕ್ಸ್ 80 ಎಂಎಂ ಹೋಯಿತು. ವೈ 20 ಎಂಎಂ ಮಾತ್ರ. ಸ್ಕ್ರೂನೇ ಬೇರೆ ಬೇರೆನಾ? ನೋಡಲು ಎರಡೂ ಒಂದೇ ಥರ ಇವೆ. ಅಂಗಡಿಯವರು ಎರಡೂ 8 ಎಂಎಂ ಅಂದಿದ್ದರು.

ಬೆಳಗಾವಿ ಟರ್ನರ್

ದಪ್ಪ ಎರಡೂ 8 ಎಂಎಂ, ಅವರು ಹೇಳಿದ್ದು ಸುಳ್ಳಲ್ಲ. ಸ್ಕ್ರೂ ತುದಿಯನ್ನು ಕಣ್ಣ ಹತ್ತಿರ ಹಿಡಿದು ನೋಡವ್ವಾ. ಎಕ್ಸ್ ಸ್ಕ್ರೂ ತುದಿಯಲ್ಲಿ ನಾಲ್ಕು ಕಡೆಯಿಂದ ಥ್ರೆಡ್ ಶುರು ಆಗಿರುತ್ತದೆ. ವೈ ಸ್ಕ್ರೂನಲ್ಲಿ ಒಂದೇ ಕಡೆಯಿಂದ. ಎರಡರಲ್ಲೂ ಹಲ್ಲಿನಿಂದ ಹಲ್ಲಿಗೆ 2 ಎಂಎಂ ಅಂತರ, ಅದಕ್ಕೇ ಪಕ್ಕದಿಂದ ನೋಡಿದರೆ ಒಂದೇ ಅನ್ನಿಸುತ್ತದೆ. ಆದರೆ ನಾಲ್ಕು ಥ್ರೆಡ್ ಇದ್ದದ್ದು ಒಂದು ಸುತ್ತಿಗೆ 8 ಎಂಎಂ ಓಡುತ್ತದೆ, ಒಂದೇ ಥ್ರೆಡ್ ಇದ್ದದ್ದು 2 ಎಂಎಂ. ಹಲ್ಲಿನ ಅಂತರ ಪಿಚ್, ಒಂದು ಸುತ್ತಿಗೆ ಓಡುವ ದೂರ ಲೀಡ್. ನಾವು ಇದನ್ನು ಪಿಚ್ ಬೇರೆ, ಲೀಡ್ ಬೇರೆ ಅನ್ನುತ್ತೇವೆ.

ಪೀಣ್ಯ ಪಕ್ಕದ ಮನೆ

ಸ್ಕ್ರೂ ಬದಲಾಯಿಸಲೇ ಬೇಕು ಅಂತಿಲ್ಲ. 200 ಹೆಜ್ಜೆ, 16 ಮೈಕ್ರೊಸ್ಟೆಪ್, ಒಟ್ಟು 3200. ಅದನ್ನು 2ರಿಂದ ಭಾಗಿಸಿದರೆ 1600. ಜಿಆರ್‌ಬಿಎಲ್‌ನಲ್ಲಿ ವೈ ಹೆಜ್ಜೆಯ ಸೆಟ್ಟಿಂಗ್ $101=1600 ಅಂತ ಕೊಡಿ, ವೈ ಸರಿ ಹೋಗುತ್ತದೆ.

ಆದರೆ ವೇಗದ ಮೇಲೆ ಕಣ್ಣಿಡಿ. ಊನೊ ಮೇಲೆ ಜಿಆರ್‌ಬಿಎಲ್ ಸೆಕೆಂಡಿಗೆ ಹೆಚ್ಚೆಂದರೆ 30,000 ಹೆಜ್ಜೆ ಕಳಿಸಬಲ್ಲದು. 30,000 ಅನ್ನು 1600ರಿಂದ ಭಾಗಿಸಿದರೆ ಸೆಕೆಂಡಿಗೆ 18.75 ಎಂಎಂ, ನಿಮಿಷಕ್ಕೆ 1125. ಅಷ್ಟು ವೇಗಕ್ಕೆ ಮೋಟರ್ ಶಕ್ತಿಯೂ ಇಳಿದಿರುತ್ತದೆ. ವೈ ಗರಿಷ್ಠ ವೇಗದ ಸೆಟ್ಟಿಂಗ್ $111ನ್ನು 600ರಲ್ಲಿ ಇಡಿ. 32 ಕಿಲೋಬೈಟ್ ಜಾಗದ ಚಿಪ್ ಮೇಲೆ ಇಷ್ಟೆಲ್ಲ ಓಡುತ್ತಿದೆ ಅನ್ನೋದೇ ನನಗೆ ಇವತ್ತಿಗೂ ಆಶ್ಚರ್ಯ. 2009ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ತಂತ್ರಾಂಶ ಅದು. ಜಗತ್ತಿನ ಎಷ್ಟೋ ಶೆಡ್‌ಗಳಲ್ಲಿ ಇವತ್ತು ಮೆಷಿನ್ ಓಡಿಸುತ್ತಿರುವುದು ಅದೇ.

ಇನ್ನೊಂದು ಮಾತು. ಡ್ರೈವರ್ ಬದಲಾಯಿಸಿದೆ ಅಂದಿರಿ. ಕರೆಂಟ್ ಇರುವಾಗ ಮೋಟರ್ ವೈರ್ ಕಿತ್ತರೆ ಡ್ರೈವರ್ ಅಲ್ಲೇ ಸುಟ್ಟು ಹೋಗಬಹುದು. ಯಾವಾಗಲೂ ಸ್ವಿಚ್ ಆಫ್ ಮಾಡಿ, ಹತ್ತು ಎಣಿಸಿ, ಆಮೇಲೆ ಕೈ ಹಾಕಿ. ಹೊಸ ಡ್ರೈವರ್ ಹಾಕಿದಾಗಲೆಲ್ಲ ಅದರ ಮೇಲಿನ ಪುಟ್ಟ ಸ್ಕ್ರೂ ತಿರುಗಿಸಿ ಕರೆಂಟ್ ಮಿತಿ ಇಡಬೇಕು. ಎ4988 ಆದರೆ ಮೇಲಿರುವ ರೆಸಿಸ್ಟರ್ ನೋಡಿ. ಆರ್100 ಅಂತಿದ್ದರೆ 1 ಆಂಪಿಯರ್ ಮಿತಿಗೆ ಆ ಪುಟ್ಟ ಸ್ಕ್ರೂ ಮೇಲೆ 0.8 ವೋಲ್ಟ್ ಬರಬೇಕು, ಆರ್050 ಅಂತಿದ್ದರೆ 0.4 ವೋಲ್ಟ್.

ಶಿರಸಿ ಮರಗೆಲಸ

ಫ್ರೇಮ್ ಯಾವುದರಲ್ಲಿ ಮಾಡಿದ್ದೀಯ ತಂಗಿ? ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಆದರೆ ಮಳೆಗಾಲಕ್ಕೆ ಮುಂಚೆ ಅಂಚುಗಳಿಗೆ ಎರಡು ಕೋಟ್ ಪಾಲಿಶ್ ಹೊಡೆದುಬಿಡು. ನಮ್ಮ ಕಡೆ ಜೂನ್ ಬಂತು ಅಂದರೆ ಎಂಡಿಎಫ್ ಅಂಚು ನೆನೆದ ಅವಲಕ್ಕಿ ಹಾಗೆ ಊದಿಕೊಳ್ಳುತ್ತದೆ. ನನ್ನ ಮೊದಲ ಮೆಷಿನ್ ಏಪ್ರಿಲ್‌ನಲ್ಲಿ ಮೂಲೆಮಟ್ಟಕ್ಕೆ ಸರಿಯಾಗಿತ್ತು, ಆಗಸ್ಟ್‌ಗೆ ರಾಡ್‌ಗಳು ಬಿಗಿ ಹಿಡಿದು ಗಾಡಿ ಮಧ್ಯದಲ್ಲೇ ನಿಲ್ಲುತ್ತಿತ್ತು. ಎರಡನೆಯದನ್ನು 18 ಎಂಎಂ ವಾಟರ್‌ಪ್ರೂಫ್ ಪ್ಲೈನಲ್ಲಿ ಮಾಡಿದೆ. ನಾಲ್ಕು ವರ್ಷ ಆಯಿತು.

ಹೊಸಬರು ದಪ್ಪ ಹಲಗೆ ಒಂದೇ ಹಾಕಿ ಗಟ್ಟಿ ಆಯ್ತು ಅಂದುಕೊಳ್ಳುತ್ತಾರೆ. ಹಲಗೆಗಿಂತ ಪೆಟ್ಟಿಗೆ ಗಟ್ಟಿ. ಅಡ್ಡ ತೊಲೆಯನ್ನು ನಾಲ್ಕೂ ಕಡೆ ಮುಚ್ಚಿದ ಉದ್ದ ಪೆಟ್ಟಿಗೆ ಥರ ಮಾಡಿ, ಒಳಗೆ ಎರಡು ಅಡ್ಡಗೋಡೆ ಅಂಟಿಸಿ. ಎರಡೂ ಕೈಯಲ್ಲಿ ಹಿಡಿದು ಬಟ್ಟೆ ಹಿಂಡುವ ಹಾಗೆ ತಿರುಚಿ ನೋಡಿ. ಅಲುಗಾಡಲ್ಲ.

ಕಬ್ಬಿಣದ ಪೈಪ್ ವೆಲ್ಡ್ ಮಾಡುವವರಿಗೆ ಒಂದು ಮಾತು. ತೂತು ಹಾಕಿ ವೆಲ್ಡ್ ಮಾಡಬೇಡಿ, ವೆಲ್ಡ್ ಮಾಡಿ ತೂತು ಹಾಕಿ. ಬಿಸಿಗೆ ಪೈಪ್ ಎಳೆದುಕೊಂಡು ತೂತಿನ ಜಾಗ ಬದಲಾಗಿರುತ್ತದೆ.

ಕಡೂರು ಟೀಚರ್

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ನಾನು ಮೊದಲಿದ್ದ ಶಾಲೆಯಲ್ಲಿ ಒಂದು 3ಡಿ ಪ್ರಿಂಟರ್ ಇತ್ತು. ಕರಗಿದ ಪ್ಲಾಸ್ಟಿಕ್ ಬರುವ ನಳಿಕೆ ಕಟ್ಟಿಕೊಂಡು ಎರಡು ವರ್ಷ ಬೀರುವಿನಲ್ಲಿ ನಿಂತಿತ್ತು. ಮುಟ್ಟಿದರೆ ಕೆಡುತ್ತದೆ ಅಂತ ಮಕ್ಕಳಿಗೆ ಕೊಡುತ್ತಿರಲಿಲ್ಲ. ಕೆಟ್ಟದ್ದನ್ನೂ ಕೊಡುತ್ತಿರಲಿಲ್ಲ!

ಕೊನೆಗೆ ನಾನೇ ಓದಿಕೊಂಡು 9ನೇ ತರಗತಿಯ ಮೂರು ಮಕ್ಕಳನ್ನು ಕೂರಿಸಿಕೊಂಡು ಬಿಡಿಸಿದೆ. ನಳಿಕೆಯನ್ನು 200 ಡಿಗ್ರಿಗೆ ಕಾಯಿಸಿ, ಪಿಎಲ್‌ಎ ಪ್ಲಾಸ್ಟಿಕ್ ತಂತಿ ಒತ್ತಿ, 90ರ ಹತ್ತಿರ ಆರಲು ಬಿಟ್ಟು, ಗಟ್ಟಿಯಾಗಿ ಎಳೆದೆವು. ತಂತಿ ತುದಿಯಲ್ಲಿ ನಳಿಕೆಯ ಒಳಗಿನ ಆಕಾರವೇ ಬಂದಿತ್ತು, ಅದರ ಮೂತಿಯಲ್ಲಿ ಕಪ್ಪು ಕಸ. ಅದನ್ನು ಕೈಯಲ್ಲಿ ಹಿಡಿದು ನೋಡಿದ ಮಕ್ಕಳಿಗೆ ಅದುವರೆಗೆ ಚಿತ್ರ ಬರೆದು ಹೇಳಿದ್ದೆಲ್ಲ ಒಂದೇ ಸಲಕ್ಕೆ ಅರ್ಥ ಆಯಿತು. ಅವತ್ತಿನಿಂದ ಮೆಷಿನ್ ಅವರದ್ದು.

ನನ್ನ ಪ್ರಶ್ನೆ ಭದ್ರತೆ ಬಗ್ಗೆ. ಪೋಷಕರೊಬ್ಬರು ಲೇಸರ್ ಕೆತ್ತುವ ಮೆಷಿನ್ ಕಟ್ಟಿಸಿ ಅನ್ನುತ್ತಿದ್ದಾರೆ, ಅಗ್ಗ ಅಂತ. ಮಾಡಿಸಬಹುದಾ?

ಪೀಣ್ಯ ಪಕ್ಕದ ಮನೆ

ಮೇಡಂ, ದಯವಿಟ್ಟು ಮಕ್ಕಳ ಕೈಲಿ ತೆರೆದ ಲೇಸರ್ ಬೇಡ. ನೀಲಿ ಲೇಸರ್ 450 ನ್ಯಾನೊಮೀಟರ್ ಹತ್ತಿರ ಇರುತ್ತದೆ, ಅದು ನೇರ ಕಣ್ಣಿನ ಪರದೆವರೆಗೆ ಹೋಗುತ್ತದೆ. ಹೊಳೆಯುವ ಸ್ಕ್ರೂ ತಲೆಗೆ ತಾಗಿ ವಾಪಸ್ ಬಂದ ಬೆಳಕೂ ಸಾಕು, ಕಣ್ಣು ಹೋಗುತ್ತದೆ. ಲೇಸರ್ ಕನ್ನಡಕ ಹಾಕಿಕೊಂಡವರನ್ನು ಮಾತ್ರ ಕಾಪಾಡಬಹುದು, ಬಾಗಿಲು ತಳ್ಳಿಕೊಂಡು ಒಳಗೆ ಓಡಿ ಬರುವ ಮಗುವನ್ನಲ್ಲ. ಮಾಡಲೇಬೇಕು ಅಂದರೆ ಪೂರ್ತಿ ಮುಚ್ಚಿದ ಪೆಟ್ಟಿಗೆ, ಬಾಗಿಲು ತೆಗೆದ ಕೂಡಲೇ ಲೇಸರ್ ಆರುವ ಸ್ವಿಚ್, ಹೊಗೆ ಹೊರಗೆ ಹೋಗಲು ಫ್ಯಾನ್. ಇಷ್ಟೂ ಇಲ್ಲದೆ ಬೇಡವೇ ಬೇಡ.

ಇನ್ನೊಂದನ್ನು ದೊಡ್ಡವರಿಗೂ ಹೇಳುತ್ತೇನೆ. ಪಿವಿಸಿ ಯಾವತ್ತೂ ಲೇಸರ್ ಕೆಳಗೆ ಹಾಕಬೇಡಿ. ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತದೆ, ಶ್ವಾಸಕೋಶಕ್ಕೂ ಕೆಟ್ಟದ್ದು, ಮೆಷಿನ್ ರಾಡ್‌ಗಳಿಗೂ ತುಕ್ಕು. ನಮ್ಮಲ್ಲಿ ಪಿವಿಸಿ ಬೇರೆ ಹೆಸರಲ್ಲಿ ಬರುತ್ತದೆ. ಸೀಟ್ ಕವರ್ ರೆಕ್ಸಿನ್, ಬ್ಯಾನರ್ ಫ್ಲೆಕ್ಸ್, ಬೋರ್ಡ್ ಬರೆಯುವವರ ಸನ್‌ಬೋರ್ಡ್, ಎಲ್ಲದರಲ್ಲೂ ಸಾಮಾನ್ಯವಾಗಿ ಅದೇ ಇರುತ್ತದೆ. ಅನುಮಾನ ಬಂದರೆ ಬಯಲಿನಲ್ಲಿ ನಿಂತು ತಾಮ್ರದ ತಂತಿ ಕೆಂಪಗೆ ಕಾಯಿಸಿ ಆ ಪ್ಲಾಸ್ಟಿಕ್‌ಗೆ ಮುಟ್ಟಿಸಿ, ಮತ್ತೆ ಬೆಂಕಿಗೆ ಹಿಡಿಯಿರಿ. ಜ್ವಾಲೆ ಹಸಿರಾದರೆ ಕ್ಲೋರಿನ್ ಇದೆ ಅಂತ ಅರ್ಥ.

ದಾವಣಗೆರೆ ಫಿಟ್ಟರ್

ಭದ್ರತೆ ಮಾತು ಬಂತು ಅಂತ ಹೇಳುತ್ತೇನೆ. ಯಾರ ಮನೆಗೆ ಮೆಷಿನ್ ನೋಡಲು ಹೋದರೂ ನಾನು ಮೊದಲು ನೋಡುವುದು ಗೋಡೆಯ ಪ್ಲಗ್. ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಹಿಂದೆ ಅರ್ಥಿಂಗ್ ವೈರೇ ಇರುವುದಿಲ್ಲ. ಲೋಹದ ಫ್ರೇಮ್‌ಗೆ ಅರ್ಥಿಂಗ್ ಕೊಡಲೇಬೇಕು. ಮೆಷಿನ್‌ಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಪೆಟ್ಟಿಗೆಯ 230 ವೋಲ್ಟ್ ಬರುವ ಸ್ಕ್ರೂಗಳ ಮೇಲೆ ಮುಚ್ಚಳ ಇರಬೇಕು. ಆ ಸ್ಕ್ರೂ ಕೆಳಗೆ ಹಾಕುವ ವೈರ್ ತುದಿಗೆ ಬೆಸುಗೆ ಹಾಕಬೇಡಿ. ಬೆಸುಗೆ ಮೆತ್ತಗೆ, ದಿನ ಕಳೆದ ಹಾಗೆ ಒತ್ತಡಕ್ಕೆ ಕುಗ್ಗಿ ಸಡಿಲ ಆಗಿ ಬಿಸಿಯಾಗುತ್ತದೆ. ವೈರ್ ತುದಿಗೆ ಲೋಹದ ಲಗ್ ಹಾಕಿ ಕ್ರಿಂಪ್ ಮಾಡಿ, ಅಂದರೆ ಅದುಮಿ ಕೂರಿಸಿ. ಕೆಂಪು ಎಮರ್ಜೆನ್ಸಿ ಬಟನ್ ಮೆಷಿನ್ ಹಿಂದೆ ಅಲ್ಲ, ಕೈಗೆ ಸಿಗುವ ಕಡೆ.

ಮಕ್ಕಳಿಗೆ ಬೇರೆ ಎಲ್ಲವನ್ನೂ ತಾವೇ ತಪ್ಪು ಮಾಡಿ ಕಲಿಯಲು ಬಿಡುತ್ತೇನೆ. ಇದೊಂದನ್ನು ಬಿಡಲ್ಲ.

ಹೊಸ ಕೈ

ವೈ ಸರಿ ಆಯ್ತು! ಪ್ಲೈ ಫ್ರೇಮ್ ಅಣ್ಣ, ಆದರೂ ಪಾಲಿಶ್ ಹೊಡೆಯುತ್ತೇನೆ. ಈಗ ಬೇರೆ ತೊಂದರೆ. 100 ಎಂಎಂ ಚೌಕ ಬಿಡಿಸಿದರೆ ಶುರು ಮಾಡಿದ ಜಾಗಕ್ಕೆ ಪೆನ್ನು ವಾಪಸ್ ಬರುತ್ತಿಲ್ಲ. ಸುಮಾರು 1 ಎಂಎಂ ಬಿಟ್ಟು ನಿಲ್ಲುತ್ತದೆ.

ಬೆಳಗಾವಿ ಟರ್ನರ್

ಅದೇ ಚೌಕವನ್ನು ಅದೇ ಹಾಳೆ ಮೇಲೆ, ನಿಲ್ಲಿಸದೆ ಐದು ಸಲ ಬಿಡಿಸು. ಆಮೇಲೆ ಹಾಳೆ ನೋಡು. ಐದೂ ಸಲ ಅಂತರ ಅದೇ 1 ಎಂಎಂ ಇದ್ದರೆ ನಟ್‌ನಲ್ಲಿ ಪ್ಲೇ (ಸಡಿಲ) ಇದೆ. ಪ್ರತಿ ಸಲ 1, 2, 3 ಅಂತ ಜಾಸ್ತಿ ಆಗುತ್ತಾ ಒಂದೇ ಕಡೆ ಸರಿಯುತ್ತಾ ಹೋದರೆ ಎಲ್ಲೋ ಜಾರುತ್ತಿದೆ, ಇಲ್ಲ ಮೋಟರ್ ಹೆಜ್ಜೆ ತಪ್ಪುತ್ತಿದೆ.

ಹೊಸ ಕೈ

ಸರಿಯುತ್ತಾ ಹೋಗುತ್ತಿದೆ. ಐದನೇ ಚೌಕಕ್ಕೆ ಎಕ್ಸ್ ಕಡೆ 5 ಎಂಎಂ ಹತ್ತಿರ ಆಚೆ ಹೋಗಿದೆ. ವೈ ಕಡೆ ಏನೂ ಇಲ್ಲ.

ಬೆಳಗಾವಿ ಟರ್ನರ್

ಮನೆಯಲ್ಲಿ ನೇಲ್ ಪಾಲಿಶ್ ಇದೆಯಾ? ಎಕ್ಸ್ ಮೋಟರ್ ಶಾಫ್ಟ್, ಕಪ್ಲಿಂಗ್, ಸ್ಕ್ರೂ, ಮೂರರ ಮೇಲೂ ಅಡ್ಡ ಹಾಯುವ ಹಾಗೆ ಒಂದೇ ನೇರ ಗೆರೆ ಎಳೆ. ಒಣಗಲಿ. ಮತ್ತೆ ಐದು ಚೌಕ ಬಿಡಿಸು. ಗೆರೆ ಎಲ್ಲಿ ಮುರಿದಿದೆ ನೋಡು.

ಹೊಸ ಕೈ

ಸ್ಕ್ರೂ ಮತ್ತು ಕಪ್ಲಿಂಗ್ ಮಧ್ಯೆ ಗೆರೆ ಮುರಿದಿದೆ! ಕಪ್ಲಿಂಗ್ ಹಿಡಿಯುವ ಪುಟ್ಟ ಗ್ರಬ್ ಸ್ಕ್ರೂ ಬಿಗಿಯಾಗಿದೆ ಅಂತಲೇ ಅಂದುಕೊಂಡಿದ್ದೆ. ಅಲೆನ್ ಕೀ ಹಾಕಿದರೆ ಇನ್ನೂ ಅರ್ಧ ಸುತ್ತು ತಿರುಗಿತು. ಕೆಂಪು ಗೆರೆ ಹಾಗೇ ಬಿಟ್ಟಿದ್ದೇನೆ. ಇನ್ನು ಮುಂದೆ ಜಾರಿದರೆ ದೂರದಿಂದಲೇ ಕಾಣುತ್ತದೆ.

ದಾವಣಗೆರೆ ಫಿಟ್ಟರ್

ಟರ್ನರ್ ಅವರೇ, ನಿಮ್ಮ ನೇಲ್ ಪಾಲಿಶ್ ಗೆರೆ ಓದಿ ಹೊಟ್ಟೆ ಉರಿಯಿತು. ನನ್ನ ಹೋದ ವರ್ಷದ ಮಕ್ಕಳಿಗೆ ಬೇಕಾಗಿದ್ದು ಅಷ್ಟೇ. ಅದೇ ಕಪ್ಲಿಂಗ್, ಅದೇ ಗ್ರಬ್ ಸ್ಕ್ರೂ. ಒಂದು ಗೆರೆ ಎಳೆಯಲು ಹೇಳಿಕೊಟ್ಟಿದ್ದರೆ ಆ ಮೆಷಿನ್ ಮೇಲೆ ಗೋಣಿಚೀಲ ಬೀಳುತ್ತಿರಲಿಲ್ಲ.

ನಾಳೆ ಅವರಲ್ಲಿ ಇಬ್ಬರಿಗೆ ಫೋನ್ ಮಾಡುತ್ತೇನೆ. ಸ್ಪ್ಯಾನರ್ ಅವರ ಕೈಯಲ್ಲಿರುತ್ತದೆ. ನಾನು ಸ್ಟೂಲ್ ಮೇಲೆ ಕೂತಿರುತ್ತೇನೆ.

ಹೊಸ ಕೈ, ಈಗ ಚೌಕದ ಎರಡು ಕರ್ಣ ಅಳೆಯಮ್ಮಾ. 100 ಎಂಎಂ ಚೌಕ ಸರಿಯಾಗಿದ್ದರೆ ಎರಡೂ 141.4 ಬರಬೇಕು.

ಹೊಸ ಕೈ

ಸ್ಟೀಲ್ ಸ್ಕೇಲ್‌ನಲ್ಲಿ ಅಳೆದೆ ಸರ್. ಒಂದು 140.5, ಇನ್ನೊಂದು 142.5.

ದಾವಣಗೆರೆ ಫಿಟ್ಟರ್

2 ಎಂಎಂ ವ್ಯತ್ಯಾಸ. ಅಂದರೆ 100 ಎಂಎಂಗೆ ಹತ್ತಿರ ಹತ್ತಿರ 1.4 ಎಂಎಂ ವಾಲಿದೆ. ಕಣ್ಣಿಗೆ ಕಾಣಲ್ಲ, ಆದರೆ ಇದರಲ್ಲಿ ಪೆಟ್ಟಿಗೆ ಹಲಗೆ ಕತ್ತರಿಸಿದರೆ ಮೂಲೆ ಕೂಡಲ್ಲ. ಅಡ್ಡ ತೊಲೆಯ ಒಂದು ಕಡೆಯ ನಾಲ್ಕು ಬೋಲ್ಟ್ ಸಡಿಲ ಮಾಡು. ತಂಪು ಪಾನೀಯದ ಡಬ್ಬಿಯ ತಗಡು ಸುಮಾರು 0.1 ಎಂಎಂ ದಪ್ಪ ಇರುತ್ತದೆ. ಅದನ್ನು ಕತ್ತರಿಸಿ ಒಂದೊಂದೇ ತುಂಡು ಸಂದಿಗೆ ಕೊಡು. ಅಂಚು ಚೂಪಾಗಿರುತ್ತದೆ, ಕೈ ಜೋಪಾನ. ಒಂದು ತುಂಡಿಗೆ ಒಂದು ಚೌಕ, ಒಂದು ಅಳತೆ. ಎಲ್ಲ ನೋಟ್‌ಬುಕ್‌ನಲ್ಲಿ ಬರೆದಿಡು.

ಕಡೂರು ಟೀಚರ್

ಈ ಕರ್ಣದ ಲೆಕ್ಕವನ್ನು ಸೋಮವಾರ ಪೈಥಾಗೊರಸ್ ಪಾಠಕ್ಕೆ ತೆಗೆದುಕೊಂಡು ಹೋಗುತ್ತಿದ್ದೇನೆ. ಹೊಸ ಕೈ, ನಿನ್ನ 140.5 ಮತ್ತು 142.5 ಬೋರ್ಡ್ ಮೇಲೆ ಬರೆಯಲೇನಮ್ಮ?

ಹೊಸ ಕೈ

ಬರೆಯಿರಿ ಟೀಚರ್, ಖುಷಿ ಆಗುತ್ತದೆ.

ಮೂರು ಸಂಜೆ ಹಿಡಿಯಿತು. ಏಳು ತುಂಡು ಹಾಕಿದೆ, ಆರಕ್ಕೆ ಹತ್ತಿರ ಬಂತು, ಏಳಕ್ಕೆ ಎರಡೂ ಕರ್ಣ 141.5. ವೃತ್ತ ಗುಂಡಗೆ ಬಂದಿದೆ. ಅಮ್ಮ ಅದರ ಮೇಲೆ ಬಳೆ ಇಟ್ಟು ನೋಡಿದರು.

ಈಗ ಸ್ಪಿಂಡಲ್ ಹಾಕಬಹುದಾ? ಆ ಜಾಗಕ್ಕೆ ಒಂದು ಟ್ರಿಮ್ಮರ್ ರೂಟರ್ (ಕೈಯಲ್ಲಿ ಹಿಡಿದು ಮರ ಕೆತ್ತುವ ಸಣ್ಣ ಮೆಷಿನ್) ಎರವಲು ಸಿಕ್ಕಿದೆ. ಯಾವ ವೇಗದಲ್ಲಿ ಶುರು ಮಾಡಲಿ? ನಿಧಾನ ಇಟ್ಟರೆ ಕ್ಷೇಮ ಅಲ್ವಾ?

ಶಿರಸಿ ಮರಗೆಲಸ

ತೀರಾ ನಿಧಾನವೂ ಕ್ಷೇಮ ಅಲ್ಲ ತಂಗಿ. ತುರಿಮಣೆಯಲ್ಲಿ ಕಾಯಿ ತುರಿಯುವಾಗ ಮೆಲ್ಲಗೆ ತಾಗಿಸಿದರೆ ತುರಿ ಬೀಳಲ್ಲ, ಬರೀ ಉಜ್ಜುತ್ತದೆ. ಬಿಟ್ ಕೂಡ ಹಾಗೇ. ಉಜ್ಜಿದರೆ ಬಿಸಿಯಾಗಿ ಮರ ಕಪ್ಪಾಗುತ್ತದೆ, ಬಿಟ್ ಮೊಂಡಾಗುತ್ತದೆ. ಲೆಕ್ಕ ಸುಲಭ: ಸುತ್ತು, ಹಲ್ಲು, ಒಂದು ಹಲ್ಲಿಗೆ ಎಷ್ಟು ತುರಿ, ಮೂರನ್ನೂ ಗುಣಿಸು. 10,000 ಸುತ್ತು, 2 ಹಲ್ಲು, 0.05 ಎಂಎಂ ಅಂದರೆ ನಿಮಿಷಕ್ಕೆ 1000 ಎಂಎಂ. ನಿನ್ನ ವೈ 600ರಲ್ಲಿದೆ. ಹಾಗಾಗಿ ಒಂದೇ ಹಲ್ಲಿನ ಬಿಟ್ ತಗೋ, ಸುತ್ತು ಆದಷ್ಟು ಕೆಳಗೆ ಇಡು, ನಿಮಿಷಕ್ಕೆ 500. ಆಳ 1 ಎಂಎಂ ಸಾಕು, ಮೆತ್ತನೆಯ ಮರದಲ್ಲಿ. ಬೀಳುವುದು ಹಿಟ್ಟೋ, ಸಣ್ಣ ಚಕ್ಕೆಯೋ ಅಂತ ನೋಡು. ಚಕ್ಕೆ ಬೀಳಬೇಕು. ಮುಖಕ್ಕೆ ಮಾಸ್ಕ್, ಕಣ್ಣಿಗೆ ಕನ್ನಡಕ, ಕೂದಲು ಕಟ್ಟಿಕೋ, ದುಪಟ್ಟಾ ತೆಗೆದಿಡು.

ದಾವಣಗೆರೆ ಫಿಟ್ಟರ್

ಅದಕ್ಕೂ ಮುಂಚೆ ಒಂದೇ ಒಂದು ಸಲ, ಸ್ಪಿಂಡಲ್ ಕಟ್ಟಿ, ಆದರೆ ಆನ್ ಮಾಡದೆ, ಮರಕ್ಕಿಂತ 20 ಎಂಎಂ ಮೇಲೆ ಗಾಳಿಯಲ್ಲಿ ಪೂರ್ತಿ ಕೆಲಸ ಓಡಿಸಮ್ಮಾ. ಕೈ ಕೆಂಪು ಬಟನ್ ಮೇಲಿರಲಿ.

ಇಲ್ಲಿ ಬಿಕಾಂ ಹುಡುಗಿಯನ್ನು ಕೇಳಿದೆ. ಅವಳ ಅಪ್ಪನದ್ದು ಬಟ್ಟೆ ಅಂಗಡಿ. ರವಿಕೆ ಬಟ್ಟೆ ಮೇಲೆ ಸೀಮೆಸುಣ್ಣದಲ್ಲಿ ಕತ್ತರಿಸುವ ಗೆರೆ ಹಾಕುವ ಮೆಷಿನ್ ಬೇಕಂತೆ, ಒಂದು ಮೀಟರ್ ಅಗಲದ್ದು. ಡಿವಿಡಿ ಡ್ರೈವ್ ಅವಳು ಆಗಲೇ ಬಿಚ್ಚಿ ಆಗಿದೆ. ಒಂದು ಮೀಟರ್‌ಗೆ 8 ಎಂಎಂ ರಾಡ್ ಹಾಕಿದರೆ ಮಧ್ಯದಲ್ಲಿ ಬಾಗುತ್ತದೆ. ಉದ್ದ ಎರಡರಷ್ಟಾದರೆ ಅದೇ ಭಾರಕ್ಕೆ ಎಂಟರಷ್ಟು ಬಾಗುತ್ತದೆ. ಅವಳಿಗೆ ಇದನ್ನು ಹೇಳಿಲ್ಲ. ಒಂದು ರಾಡ್ ಕೊಟ್ಟು ಎರಡು ಇಟ್ಟಿಗೆ ಮೇಲೆ ಇಡಿಸಿ, ಮಧ್ಯದಲ್ಲಿ ಅರ್ಧ ಕೆಜಿ ತೂಗಿ ಹಾಕಿ ಅಳೆ ಅಂತ ಹೇಳಿದ್ದೇನೆ. ಇವತ್ತು ಸಂಜೆ ಅಳೆಯುತ್ತಾಳೆ. ಒಂದು ಮೀಟರ್ ಅಗಲಕ್ಕೆ ಬೆಲ್ಟ್ ಮೆಷಿನ್ ಕಟ್ಟಿದವರು ಯಾರಾದರೂ ಇದ್ದರೆ, ಬೆಲ್ಟ್ ಎಷ್ಟು ಬಿಗಿ ಇಟ್ಟಿರಿ ಅಂತ ಬರೆಯಿರಿ.